ಹೂಂ ಅಂದವರ ಲೆಕ್ಕ

"ಅಜ್ಜಯ್ಯ, ತನ್ನ ಕಣ್ಣಿಗೆ ಕಂಡದ್ದನ್ನು ಬಿಟ್ಟು ನಾಲ್ಕು ಜನ ಅಂದದ್ದಕ್ಕೆ ಹೂಂ ಅನ್ನುವವನನ್ನು ಮಠದಲ್ಲಿ ಇಟ್ಟುಕೊಳ್ಳಬಹುದೇ?"

ಕೇಳಿದವನು ಮಹಾಲಿಂಗ. ಕೇಳುವ ಮೊದಲೇ ಉತ್ತರ ಅವನ ಹತ್ತಿರ ಇತ್ತು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಹೇಳಿ, ಅದು ಸಾಕೆನಿಸಿ ಮಠಕ್ಕೆ ಬಂದ ಶಿಷ್ಯ ಅವನು. ಕಾಲೇಜು ಬಿಟ್ಟಿದ್ದ, ಪ್ರಶ್ನೆಪತ್ರಿಕೆ ತಯಾರಿಸುವ ಅಭ್ಯಾಸ ಬಿಟ್ಟಿರಲಿಲ್ಲ. ಇಲ್ಲೇ ಉಳಿಯುತ್ತೇವೆ ಎಂದು ಹೊಸಬರು ಯಾರಾದರೂ ಬಂದರೆ ಅವರನ್ನು ಸ್ವಲ್ಪ ನೋಡು ಎಂದು ಗುರುಗಳು ಅವನಿಗೆ ಹೇಳಿದ್ದರು. ಗುರುಗಳನ್ನು ಮಠದವರೆಲ್ಲ ಅಜ್ಜಯ್ಯ ಎಂದೇ ಕರೆಯುತ್ತಿದ್ದರು. ಅಜ್ಜಯ್ಯ ನೋಡು ಅಂದದ್ದನ್ನು ಮಹಾಲಿಂಗ ಪರೀಕ್ಷಿಸು ಎಂದು ಕೇಳಿಸಿಕೊಂಡಿದ್ದ.

"ಯಾರಪ್ಪ ಅಂಥವನು?" ಎಂದರು ಅಜ್ಜಯ್ಯ.

"ಕೊಟ್ರಪ್ಪ."

ಕೊಟ್ರಪ್ಪ ಅಲ್ಲೇ ಇದ್ದ. ಜಗಲಿಯ ಕೊನೆಯ ಕಂಬಕ್ಕೆ ಒರಗಿ, ಬಟ್ಟೆಯ ಗಂಟನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು. ಬಾಡಿಗೆ ಮನೆಯ ಬೀಗದ ಕೈಯನ್ನು ಮಾಲೀಕನ ಕೈಗೆ ಕೊಟ್ಟು, ಇನ್ನು ಅಜ್ಜಯ್ಯನ ಹತ್ತಿರ ಇದ್ದು ನಾಲ್ಕು ಒಳ್ಳೆಯ ಮಾತು ಕಲಿಯುತ್ತೇನೆ ಎಂದು ಬಂದು ಒಂದು ವಾರವಾಗಿತ್ತು. ಸಂಜೆಯ ಬಸ್ಸಿಗೆ ಹೊರಡಬೇಕಾದೀತು, ತಯಾರಾಗಿರು ಎಂದು ಮಹಾಲಿಂಗ ಬೆಳಿಗ್ಗೆಯೇ ತಿಳಿಸಿದ್ದ. ಅದಕ್ಕೇ ಗಂಟು. ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಎನ್ನುವುದು ಕೊಟ್ರಪ್ಪನಿಗೆ ಬಾಯಿಪಾಠ. ತಾನು ಎಲ್ಲಿ ಇಳಿಯಬೇಕು ಎನ್ನುವುದು ಮಾತ್ರ ಗೊತ್ತಿರಲಿಲ್ಲ.

"ಏನು ಮಾಡಿದ?" ಎಂದು ಅಜ್ಜಯ್ಯ ಕೇಳಿದರು.

ಮಹಾಲಿಂಗ ಹೇಳಿದ. ಅವನ ಶಾಸ್ತ್ರದಲ್ಲಿ ಹೆಸರಾಂತ ಪ್ರಯೋಗವೊಂದಿದೆ. ಒಂದು ಗೆರೆ ತೋರಿಸುತ್ತಾರೆ. ಪಕ್ಕದಲ್ಲಿ ಇನ್ನು ಮೂರು ಗೆರೆ ತೋರಿಸುತ್ತಾರೆ. ಮೊದಲಿನ ಗೆರೆಯಷ್ಟು ಉದ್ದದ್ದು ಈ ಮೂರರಲ್ಲಿ ಯಾವುದು ಎಂದು ಸಾಲಾಗಿ ಕೂತವರನ್ನು ಒಬ್ಬೊಬ್ಬರಾಗಿ ಕೇಳುತ್ತಾರೆ. ಸಣ್ಣ ಮಗುವೂ ಹೇಳಬಹುದಾದ ಪ್ರಶ್ನೆ. ಆದರೆ ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಮೊದಲೇ ಹೇಳಿಕೊಟ್ಟಿರುತ್ತಾರೆ. ಎಲ್ಲರೂ ಕೂಡಿ ಒಂದೇ ತಪ್ಪು ಉತ್ತರ ಹೇಳಬೇಕು. ಏನೂ ಗೊತ್ತಿಲ್ಲದ ಆ ಒಬ್ಬನ ಸರದಿ ಕೊನೆಗೆ ಬರುತ್ತದೆ. ಅವನು ತನ್ನ ಕಣ್ಣನ್ನು ನಂಬುತ್ತಾನೋ, ನೆರೆದವರ ಬಾಯನ್ನು ನಂಬುತ್ತಾನೋ, ಅದೇ ಪರೀಕ್ಷೆ.

ಮಠದಲ್ಲಿ ಗೆರೆಗಳ ಬದಲು ಪೊರಕೆಯ ಕಡ್ಡಿ ಬಳಸಿದ್ದರು. ಹೇಳಿಕೊಟ್ಟಿದ್ದು ಮಠದವರಿಗೇ. ಅವರೂ ಈಗ ಜಗಲಿಯ ಮೇಲೆಯೇ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಕೊಟ್ರಪ್ಪ ಗಿಡ್ಡ ಕಡ್ಡಿಯನ್ನು ಉದ್ದ ಅಂದುಬಿಟ್ಟ, ಅಜ್ಜಯ್ಯ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುತ್ತಾರಲ್ಲ, ಆ ಪೈಕಿ."

"ಕೇಳಿದಾಗಲೆಲ್ಲ ಹಾಗೆ ಅಂದನೋ?"

"ಇಲ್ಲ. ಮೂರು ಸಲ ಕೇಳಿದರೆ ಒಂದು ಸಲ. ಪುಸ್ತಕದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಬಂದಿದೆ."

"ಮಿಕ್ಕ ಎರಡು ಸಲ?"

"ಸರಿಯಾಗಿ ಹೇಳಿದ."

"ಇಷ್ಟು ಜನರ ಎದುರಿಗೆ, ಒಬ್ಬನೇ?"

"ಹೌದು. ಆದರೆ ಪ್ರಯೋಗದಲ್ಲಿ ಎಲ್ಲರೂ ಮುಖ್ಯವಾಗಿ ನೋಡುವುದು ಬಗ್ಗಿದ್ದನ್ನು, ನೆಟ್ಟಗೆ ನಿಂತದ್ದನ್ನಲ್ಲ."

"ಮತ್ತೆ ಈ ಅವರೆಕಾಯಿಯವರು? ಇವರೂ ಕಂಡದ್ದನ್ನು ಬಿಟ್ಟು ಬೇರೆಯೇ ಅಂದರಲ್ಲ. ಒಂದು ಸಲವೂ ತಪ್ಪದೆ ಅಂದರು."

"ಅವರು ಪ್ರಯೋಗದ ಸಲಕರಣೆ, ಅಜ್ಜಯ್ಯ. ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ."

ಅಡುಗೆಯ ನಾಗವ್ವ ತಲೆ ಎತ್ತದೆ ಹೇಳಿದಳು: "ಹೌದ್ರಿ. ಮೇಷ್ಟ್ರು ಗಿಡ್ಡ ಕಡ್ಡಿನ ಉದ್ದ ಅನ್ನು ಅಂದ್ರು, ಅಂದ್ವಿ. ಪೊರಕೆ ಒಂದು ಹಾಳಾತು. ನಾವು ಸಲಕರಣೆ, ಪೊರಕೆನೂ ಸಲಕರಣೆ."

ಜಗಲಿಯ ಮೇಲೆ ನಗು ಹಬ್ಬಿತು. ಮಹಾಲಿಂಗ ನಗಲಿಲ್ಲ. ತರಗತಿಯಲ್ಲಿ ನಗು ಎದ್ದಾಗ ಸುಮ್ಮನೆ ನಿಂತು ಕಾಯುವುದು ಅವನಿಗೆ ರೂಢಿ. ಕಾದ.

ಅಜ್ಜಯ್ಯ ಕಂಬದ ಕಡೆ ನೋಡಿದರು. "ಏನಪ್ಪ ಕೊಟ್ರಪ್ಪ, ಯಾಕೆ ಹಾಗೆ ಅಂದೆ?"

"ಏನು ಹೇಳಲಿ ಬುದ್ಧಿ," ಎಂದ ಕೊಟ್ರಪ್ಪ. "ಮೊದಲು ಕಂಡದ್ದನ್ನೇ ಹೇಳಿದೆ. ಎಲ್ಲರೂ ನನ್ನ ಮುಖ ನೋಡಿದರು. ಇಷ್ಟು ಜನ ದೊಡ್ಡವರು, ಮಠದಲ್ಲೇ ಇರುವವರು, ಸುಮ್ಮಸುಮ್ಮನೆ ಸುಳ್ಳು ಯಾಕೆ ಹೇಳುತ್ತಾರೆ ಅನ್ನಿಸಿತು. ನನಗೋ ಕನ್ನಡಕ ಬಂದು ಹತ್ತು ವರ್ಷ. ಮತ್ತೆ, ಕಡ್ಡಿ ತಾನೆ? ಗಿಡ್ಡ ಆದರೇನು, ಉದ್ದ ಆದರೇನು, ಕಸ ಗುಡಿಸಿದರೆ ಆಯಿತು. ಹೂಂ ಅಂದೆ."

"ಕೇಳಿದಿರಾ?" ಎಂದ ಮಹಾಲಿಂಗ. "ಹೂಂ ಅಂದರೆ ಒಪ್ಪಿದೆ ಅಂತ ಅಲ್ಲವೇ?"

"ಅಲ್ಲ ಸ್ವಾಮಿ," ಎಂದ ಕೊಟ್ರಪ್ಪ. "ನಾವು ಬಸ್ಸಿನಲ್ಲಿ ರೈಟ್ ರೈಟ್ ಅಂತೀವಲ್ಲ, ಎಲ್ಲಾ ಸರಿ ಇದೆ ಅಂತ ಅರ್ಥವೇ? ಬಾಗಿಲಲ್ಲಿ ನಾಲ್ಕು ಜನ ಜೋತಾಡುತ್ತಿರುತ್ತಾರೆ. ಒಳಗೆ ಚಿಲ್ಲರೆಗೆ ಜಗಳ ನಡೆದಿರುತ್ತದೆ. ಯಾವುದೂ ಸರಿ ಇರುವುದಿಲ್ಲ. ಗಾಡಿ ಮುಂದೆ ಹೋಗಲಿ ಅಂತ ಅಷ್ಟೇ ರೈಟ್."

ನಾಗವ್ವ ಮತ್ತೆ ನಕ್ಕಳು. ಮಹಾಲಿಂಗನಿಗೆ ಇದು ಹಿಡಿಸಲಿಲ್ಲ. ಪರೀಕ್ಷೆಯಲ್ಲಿ ಬಿದ್ದವನು ನಗಿಸಬಾರದು ಎಂಬುದು ಅವನ ಅಭಿಪ್ರಾಯ. ಅವನು ಗುರುಗಳ ಕಡೆ ತಿರುಗಿ, "ನೀವೇ ಹೇಳಿ ಅಜ್ಜಯ್ಯ. ಸತ್ಯವನ್ನು ಹುಡುಕುವ ಜಾಗ ಇದು. ಇಂಥವರು ಇಲ್ಲಿ ಇರಬಹುದೇ?" ಎಂದ.

"ಒಂದು ಕತೆ ಹೇಳುತ್ತೇನೆ," ಎಂದರು ಅಜ್ಜಯ್ಯ. "ಪ್ರಶ್ನೆ ನಿನ್ನದು. ಹೂಂ ಕೂಡ ನಿನ್ನದೇ ಆಗಬೇಕು."

ಅಜ್ಜಯ್ಯನ ಕತೆಗೆ ಹೂಂಗುಟ್ಟುವವರು ಬೇಕೇ ಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಅವರು ಕಣ್ಣು ಮುಚ್ಚಿ ಜಪಕ್ಕೆ ಕೂತುಬಿಡುತ್ತಿದ್ದರು. ಹೀಗೆ ಅರ್ಧಕ್ಕೆ ನಿಂತ ಕತೆಗಳು ಮಠದಲ್ಲಿ ಎಷ್ಟೋ ಇದ್ದವು. ಆದ್ದರಿಂದ ಅಲ್ಲಿ ಎಲ್ಲರಿಗೂ ಹೂಂ ಅನ್ನುವುದು ಅಭ್ಯಾಸವಾಗಿತ್ತು. ಮೊದಲು ನಾಗವ್ವ ಅನ್ನುತ್ತಿದ್ದಳು. ಆಮೇಲೆ ಉಳಿದವರು. ಮಹಾಲಿಂಗ ಓದಿದವನಾದ್ದರಿಂದ ಎಲ್ಲರಿಗಿಂತ ಕೊನೆಗೆ, ಗಂಭೀರವಾಗಿ ಅನ್ನುತ್ತಿದ್ದ.

"ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ," ಎಂದು ಅಜ್ಜಯ್ಯ ಶುರು ಮಾಡಿದರು. "ಕಾಳುಕಡಿಯ ವ್ಯಾಪಾರ. ದೊಡ್ಡ ಉಗ್ರಾಣ. ಅದನ್ನು ನೋಡಿಕೊಳ್ಳಲು ಅವನಿಗೆ ಒಬ್ಬ ನಂಬಿಕೆಯ ಮನುಷ್ಯ ಬೇಕಾಗಿದ್ದ."

"ಹೂಂ," ಎಂದಳು ನಾಗವ್ವ. "ಹೂಂ," ಎಂದರು ಉಳಿದವರು. "ಹೂಂ," ಎಂದ ಮಹಾಲಿಂಗ.

"ಊರ ಹೊರಗೆ ಒಬ್ಬ ರೈತ ಇದ್ದ. ಸುಳ್ಳು ಹೇಳದವನು ಎಂದು ಅವನ ಹೆಸರು. ಹೊಲ ಸಣ್ಣದು. ಕೊಟ್ಟಿಗೆಯಲ್ಲಿ ಎರಡು ಎತ್ತು. ಅವನ್ನು ಬಿಟ್ಟರೆ ಆ ಮನೆಯಲ್ಲಿ ಬೇರೆ ದನಕರು ಇರಲಿಲ್ಲ."

"ಹೂಂ."

"ನಾಳೆ ಬಾ ಎಂದು ವ್ಯಾಪಾರಿ ಅವನಿಗೆ ಹೇಳಿಕಳಿಸಿದ. ಕರೆದವರ ಮನೆಗೆ ಬರಿಗೈಯಲ್ಲಿ ಹೋಗಬಾರದು. ರೈತ ಬೆಳಿಗ್ಗೆ ಎದ್ದ. ಕೊಟ್ಟಿಗೆ ಗುಡಿಸಿದ. ಒಂದು ಚೊಂಬು ಹಾಲು ಕರೆದ. ಅದರ ಬಾಯಿಗೆ ಎಲೆ ಮುಚ್ಚಿಕೊಂಡು ಹೊರಟ."

"ಹೂಂ," ಎಂದಳು ನಾಗವ್ವ. "ಹೂಂ," ಎಂದರು ಉಳಿದವರು. ಕಂಬದ ಹತ್ತಿರ ಕೊಟ್ರಪ್ಪ ತಲೆ ಎತ್ತಿದ. ಏನೋ ಹೇಳಲು ಬಾಯಿ ತೆರೆದ. ಮಹಾಲಿಂಗ ತಿರುಗಿ ಅವನನ್ನು ನೋಡಿದ. ಗುರು ಮಾತಾಡುವಾಗ ಮಧ್ಯೆ ಬಾಯಿ ಹಾಕುವುದು ಬೇರೆ, ಎಂದುಕೊಂಡ. ಕೊಟ್ರಪ್ಪ ಬಾಯಿ ಮುಚ್ಚಿದ.

"ಹೂಂ," ಎಂದ ಮಹಾಲಿಂಗ.

"ವ್ಯಾಪಾರಿಯ ಪಡಸಾಲೆಯಲ್ಲಿ ಅವನ ಕಡೆಯವರು ಸಾಲಾಗಿ ಕೂತಿದ್ದರು. ಮುಂದೆ ಒಂದು ಮೊರದ ತುಂಬ ರಾಗಿ ಇತ್ತು. ಅದನ್ನು ಸಾಸಿವೆ ಅನ್ನಬೇಕು ಎಂದು ವ್ಯಾಪಾರಿ ಅವರಿಗೆಲ್ಲ ಮೊದಲೇ ಹೇಳಿಕೊಟ್ಟಿದ್ದ. ಇದು ಏನು ಎಂದು ಅವನು ಕೇಳಿದ. ಸಾಸಿವೆ, ಎಂದ ಮೊದಲನೆಯವನು. ಸಾಸಿವೆ, ಎಂದ ಎರಡನೆಯವನು. ಸಾಲು ಮುಗಿಯುವವರೆಗೂ ಸಾಸಿವೆ. ಕೊನೆಗೆ ರೈತನ ಸರದಿ ಬಂತು. ಅವನು ಮೊರವನ್ನು ನೋಡಿದ. ಕೂತವರ ಮುಖಗಳನ್ನು ನೋಡಿದ. ಹೂಂ, ಸಾಸಿವೆ, ಎಂದ."

ಮಹಾಲಿಂಗನಿಗೆ ಕತೆಯ ದಾರಿ ಕಂಡಿತು. ತನ್ನ ಪ್ರಯೋಗಕ್ಕೇ ಅಜ್ಜಯ್ಯ ಪಂಚೆ ಉಡಿಸುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ರೈತನ ಪರವಾಗಿ ಒಂದು ತಿರುವು ಬರುತ್ತದೆ. ಅದಕ್ಕೆ ಏನು ಉತ್ತರ ಕೊಡಬೇಕು ಎಂದು ಅವನು ಒಳಗೇ ವಾಕ್ಯ ಜೋಡಿಸತೊಡಗಿದ. ಬಾಯಿ ತನ್ನಷ್ಟಕ್ಕೆ ತಾನು "ಹೂಂ" ಎಂದಿತು.

"ವ್ಯಾಪಾರಿ ನಕ್ಕ. ಇಷ್ಟೇಯೇನೋ ನಿನ್ನ ಸತ್ಯ, ನೀನು ನನ್ನ ಉಗ್ರಾಣಕ್ಕೆ ಆಗುವವನಲ್ಲ, ಈ ಸಾಸಿವೆಯನ್ನೂ ತೆಗೆದುಕೊಂಡು ಹೋಗು, ಎಂದ. ರೈತ ಟವೆಲಿನಲ್ಲಿ ಅದನ್ನು ಗಂಟು ಕಟ್ಟಿದ. ಕೊಟ್ಟ ಹಾಲನ್ನು ಒಳಗೆ ಸುರಿದುಕೊಂಡು ಚೊಂಬು ವಾಪಸು ಕೊಟ್ಟಿದ್ದರು. ಅದನ್ನೂ ಹಿಡಿದುಕೊಂಡು ಮನೆಗೆ ಬಂದ. ಏನು ಕೊಟ್ಟರು, ಎಂದಳು ಹೆಂಡತಿ. ಸಾಸಿವೆಯಂತೆ, ಬೀಸು, ಎಂದ. ಅವಳು ಬೀಸಿದಳು. ಮುದ್ದೆ ಮಾಡಿದಳು. ಇಬ್ಬರೂ ಉಂಡರು."

"ಹೂಂ!" ಎಂದು ನಾಗವ್ವ ಜೋರಾಗಿ ಅಂದಳು. ಈ ಹೂಂನಲ್ಲಿ ಅಡುಗೆಯವಳ ಮೆಚ್ಚುಗೆ ಇತ್ತು. ಉಳಿದವರೂ ಅಂದರು. ಮಹಾಲಿಂಗನೂ ಅಂದ.

"ಇತ್ತ ವ್ಯಾಪಾರಿ ಪರೀಕ್ಷೆ ನಿಲ್ಲಿಸಲಿಲ್ಲ. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಬಂದವರು ಒಂದು ಸಲ ಸಾಸಿವೆ ಎಂದು ಹೋಗುತ್ತಿದ್ದರು. ಪಡಸಾಲೆಯವರು ದಿನವೂ ಅನ್ನುತ್ತಿದ್ದರು. ಅಂದು ಅಂದು ಅವರ ಬಾಯಿ ಪಳಗಿತು. ಸುಗ್ಗಿಯಲ್ಲಿ ರಾಗಿಯ ಗಾಡಿಗಳು ಬಂದವು. ಇವರು ಮೂಟೆ ಬಿಚ್ಚಿ ನೋಡಿದರು. ಸಾಸಿವೆಯ ಕಣಜಕ್ಕೆ ಸುರಿದರು. ಅಡುಗೆಯವಳು ಒಗ್ಗರಣೆಗೆ ಹಾಕಿದಳು. ಸಿಡಿಯಲಿಲ್ಲ, ಸೀದುಹೋಯಿತು. ಈ ವರ್ಷದ ಸಾಸಿವೆ ಯಾಕೋ ಸಿಡಿಯುವುದಿಲ್ಲ, ಎಂದಳು. ಹೌದು, ಈ ವರ್ಷ ಎಲ್ಲ ಕಡೆಯೂ ಹೀಗೇ, ಎಂದರು ಮನೆಯವರು."

ನಾಗವ್ವ ಅವರೆಕಾಯಿಯನ್ನು ಕೆಳಗಿಟ್ಟು ನಕ್ಕಳು. ಹೂಂ ಬರುವುದು ತಡವಾಯಿತು. ಅಜ್ಜಯ್ಯ ಕಣ್ಣು ಮುಚ್ಚುವಂತೆ ಕಂಡಿತು. "ಹೂಂ, ಹೂಂ," ಎಂದು ಮಹಾಲಿಂಗ ಅವಸರದಿಂದ ಅಂದ.

"ವ್ಯಾಪಾರಿ ತಾನೇ ಕಣಜದ ಹತ್ತಿರ ಹೋಗಿ ನೋಡಿದ. ರಾಗಿಯೇ ಇರಬೇಕು ಅನ್ನಿಸಿತು. ಆದರೆ ಮನೆ ತುಂಬ ಜನ ಸಾಸಿವೆ ಅನ್ನುತ್ತಿದ್ದರು. ಅವರಿಗೆ ಹೇಳಿಕೊಟ್ಟವನು ತಾನೇ ಎಂಬುದು ನೆನಪಿತ್ತು. ಆದರೂ ಅನುಮಾನ ಹೋಗಲಿಲ್ಲ. ಒಂದು ಹಿಡಿ ಕಾಳು ಮುಚ್ಚಿಟ್ಟುಕೊಂಡು ಯಾರಿಗೂ ಹೇಳದೆ ರೈತನ ಮನೆಗೆ ಹೋದ. ರೈತ ಅವನನ್ನು ಕೂರಿಸಿದ. ಆಗ ತಾನೇ ಕರೆದ ನೊರೆಹಾಲು ತಂದುಕೊಟ್ಟ. ವ್ಯಾಪಾರಿ ಹಾಲು ಕುಡಿದ. ಆಮೇಲೆ ಮುಷ್ಟಿ ಬಿಚ್ಚಿದ. ಇದು ಏನು, ನಿಜ ಹೇಳು, ಎಂದ. ರೈತ ಅವನ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಇವತ್ತು ಒಬ್ಬರೇ ಬಂದಿದ್ದೀರಿ, ಹಾಗಾದರೆ ರಾಗಿ, ಎಂದ."

"ಹೂಂ," ಎಂದ ಮಹಾಲಿಂಗ.

ಅಜ್ಜಯ್ಯ ಸುಮ್ಮನಾದರು. ಕತೆ ಮುಗಿಯಿತು ಎಂದು ಎಲ್ಲರೂ ತಿಳಿದರು. ನಾಗವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಚೆಂದ ಆತು," ಎಂದಳು. ಕೊಟ್ರಪ್ಪ ತನ್ನ ಗಂಟನ್ನು ನೋಡುತ್ತಿದ್ದ. ಸಂಜೆಯ ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು.

"ತಿಳಿಯಿತು, ಅಜ್ಜಯ್ಯ," ಎಂದ ಮಹಾಲಿಂಗ. ಜೋಡಿಸಿದ ವಾಕ್ಯಗಳು ಕೈಗೆ ಬಂದಿದ್ದವು. "ರೈತನ ಬಾಯಿ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಬಾಯಿ ಸಾಸಿವೆ ಅಂದಿತು, ಕೈ ಮುದ್ದೆ ಕಟ್ಟಿತು. ಕೊಟ್ರಪ್ಪನೂ ಹಾಗೆಯೇ ಎಂದು ನಿಮ್ಮ ಅಭಿಪ್ರಾಯ. ಇದು ಹೊಸ ಆಕ್ಷೇಪವಲ್ಲ. ಆ ಪ್ರಯೋಗವನ್ನು ವಿಮರ್ಶೆ ಮಾಡಿದವರು ಇದನ್ನೆಲ್ಲ ಹೇಳಿದ್ದಾರೆ. ಕೇಳಿದ್ದು ಕ್ಷುಲ್ಲಕ ಪ್ರಶ್ನೆ, ಕೂತವರು ಅಪರಿಚಿತರು, ಮರ್ಯಾದೆಗಾಗಿ ಅಂದದ್ದು ನಂಬಿಕೆಯಲ್ಲ, ಹೀಗೆಲ್ಲ. ನಾನೇ ಎಷ್ಟೋ ವರ್ಷ ಇದನ್ನು ಐದು ಅಂಕದ ಪ್ರಶ್ನೆ ಮಾಡಿ ಕೇಳಿದ್ದೇನೆ."

"ಸರಿ," ಎಂದರು ಅಜ್ಜಯ್ಯ.

"ಆದರೆ ನಾನು ಒಪ್ಪುವುದಿಲ್ಲ. ಒಳಗೆ ಏನಿತ್ತು ಎಂದು ಯಾರು ನೋಡಿದರು? ಹೊರಗೆ ಬಂದದ್ದು ಹೂಂ. ಆಗದ ಮಾತಿಗೆ ಹೂಂ ಅಂದವನು ಅಂದವನೇ. ಮರ್ಯಾದೆಗೆ ಅಂದೆ, ಅಭ್ಯಾಸಬಲದಿಂದ ಅಂದೆ, ಬೇರೆ ಏನೋ ಯೋಚನೆಯಲ್ಲಿದ್ದೆ, ಇವೆಲ್ಲ ಆಮೇಲೆ ಹೇಳುವ ಸಬೂಬು. ಅಂಥವನು ಈ ಮಠದಲ್ಲಿ ಇರಬಾರದು."

"ಇದು ಕೊಟ್ರಪ್ಪನಿಗೆ ಮಾತ್ರವೋ, ಎಲ್ಲರಿಗೂವೋ?"

"ನಿಯಮ ಅಂದಮೇಲೆ ಎಲ್ಲರಿಗೂ ಒಂದೇ, ಅಜ್ಜಯ್ಯ. ನನಗೂ."

ಕೊಟ್ರಪ್ಪ ಎದ್ದು ನಿಂತ. ಗಂಟನ್ನು ಹೆಗಲಿಗೆ ಹಾಕಿಕೊಂಡ. ಅಜ್ಜಯ್ಯನಿಗೆ ನಮಸ್ಕಾರ ಮಾಡಲು ಮುಂದೆ ಬಂದ. ಅಜ್ಜಯ್ಯ, ಇರು ಎಂದು ಅವನಿಗೆ ಕೈ ಸನ್ನೆ ಮಾಡಿ, ಮಹಾಲಿಂಗನ ಕಡೆ ನೋಡಿದರು.

"ಎರಡು ಎತ್ತು ಬಿಟ್ಟರೆ ಬೇರೆ ದನವೇ ಇಲ್ಲದ ಕೊಟ್ಟಿಗೆಯಲ್ಲಿ ರೈತ ಚೊಂಬು ತುಂಬ ಹಾಲು ಕರೆದ ಅಂದೆ, ನೀನು ಹೂಂ ಅಂದೆ, ಸಂಜೆಯ ಬಸ್ಸಿಗೆ ಒಂದು ಟಿಕೇಟೋ, ಎರಡೋ?"